ಹೈಸ್ಕೂಲಿನ ಎರಡನೆಯ ಕವಲು

ವೃತ್ತಿಶಿಕ್ಷಣದ ಹೈಸ್ಕೂಲುಗಳಲ್ಲಿ ತೇರ್ಗಡೆಯಾದವರ ಸಂಖ್ಯೆಯೊಂದನ್ನೇ ನೋಡಿ ವಿದ್ಯಾರ್ಥಿಗಳ ಬುದ್ಧಿಯನ್ನು ಅಳೆಯುವ ರೂಢಿಯುಂಟು. ಅಲ್ಲಿಗೆ ಯಾರ ಮಕ್ಕಳು ಯಾವ ಕಾರಣದಿಂದ ಬಂದರೆಂಬುದನ್ನು ವಿಚಾರಿಸದೆ ಆ ಸಂಖ್ಯೆಗೆ ಅರ್ಥ ಹೇಳುವುದು ಯುಕ್ತವಲ್ಲ.

1882ರಲ್ಲಿ ನಿಯುಕ್ತವಾದ ಹಂಟರ್ ಕಮಿಷನ್ನು, ಹೈಸ್ಕೂಲಿನ ಮೇಲಿನ ತರಗತಿಗಳು ಎರಡು ಕವಲಾಗಬೇಕೆಂದು ಸೂಚಿಸಿತು: ಒಂದು ವಿಶ್ವವಿದ್ಯಾನಿಲಯದ ಪ್ರವೇಶಪರೀಕ್ಷೆಗೆ, ಇನ್ನೊಂದು ವಾಣಿಜ್ಯವೇ ಮೊದಲಾದ ವ್ಯವಹಾರಗಳಿಗೆ. ಎರಡನೆಯದನ್ನು ಹಿಡಿದವರು ಅತ್ಯಲ್ಪರು. ಇದು ತಂದೆತಾಯಿಗಳ ಅವಿವೇಕವೆಂದು ನಮಗೆ ತೋರುವುದಿಲ್ಲ. ಸರಕಾರದ ಉದ್ಯೋಗಕ್ಕೂ ಕಾಲೇಜಿಗೂ ಮೆಟ್ರಿಕ್ಯುಲೇಷನ್ ಪರೀಕ್ಷೆಯೇ ಹೆಬ್ಬಾಗಿಲಾಗಿದ್ದಾಗ, ಮಗನನ್ನು ಬೇರೆ ಕಡೆಗೆ ಕಳುಹಿಸುವ ತಂದೆ ಯಾರು?

ಕೈಕಸುಬಿನಲ್ಲಿ ನಮ್ಮ ಜನಕ್ಕಿದ್ದ ತಿರಸ್ಕಾರವೇ ಕಾರಣವೆಂದು ಕೆಲವರು ಹೇಳುವರು. ಪಾಠಶಾಲೆಗಳಲ್ಲಿ ಶಾಸ್ತ್ರ ಓದಿದ ನಮ್ಮಂಥವರಲ್ಲಿ ಆ ದೋಷವಿದ್ದುದು ನಿಜ, ಮುಚ್ಚಿಡುವುದೇಕೆ? ಆದರೆ ಬೇಲೂರಿನ ವಿಗ್ರಹಗಳಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೆತ್ತಿ ಉಳಿಸಿದ್ದಾರೆ. ಕಸುಬಿಗೆ ಕೀರ್ತಿಯಿದ್ದಲ್ಲಿ ಮಗನು ತಂದೆಯ ಉಳಿಯನ್ನು ಹಿಡಿಯಲು ನಾಚಲಿಲ್ಲ.

ನೂರು ವರ್ಷಗಳ ಮೇಲೆ, 1986ರ ರಾಷ್ಟ್ರೀಯ ಶಿಕ್ಷಣನೀತಿಯು ಉನ್ನತ ಮಾಧ್ಯಮಿಕ ವಿದ್ಯಾರ್ಥಿಗಳಲ್ಲಿ 1990ರೊಳಗೆ ನೂರಕ್ಕೆ 10 ಮಂದಿಯೂ 1995ರೊಳಗೆ 25 ಮಂದಿಯೂ ವೃತ್ತಿಶಿಕ್ಷಣಕ್ಕೆ ಬರಬೇಕೆಂದು ಗೊತ್ತುಮಾಡಿತು. ಸಂಖ್ಯೆಯನ್ನು ವಿಧಿಸಿದ ಮಾತ್ರಕ್ಕೆ ಮಕ್ಕಳು ಬಂದಾರೆಯೆ? 1992ರಲ್ಲಿ ಅದೇ ನೀತಿಯನ್ನು ತಿದ್ದಿ, 10ಕ್ಕೆ 1995ನ್ನೂ 25ಕ್ಕೆ 2000ವನ್ನೂ ಅವಧಿಯಾಗಿ ಬರೆಯಬೇಕಾಯಿತು.