‘ಫ್ಯೂಷನ್’ ಎಂಬ ಹೆಸರು ಮತ್ತು ಬೈಲಹೊಂಗಲ ಸೀಮೆಯ ಹಾಡುಗಾರಿಕೆ

ಉತ್ಸವದ ವೇದಿಕೆಯಲ್ಲಿ ತಬಲಾದ ಪಕ್ಕ ಕೀಬೋರ್ಡ್ ಬಂದರೆ ಸಾಕು, ಅದು ‘ಫ್ಯೂಷನ್’ ಎನಿಸಿಕೊಳ್ಳುತ್ತದೆ. ಹಾಗಾದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಹಾರ್ಮೋನಿಯಂ ಜತೆಗಿನ ಸಣ್ಣಾಟವೆಂಬ ಜನಪದ ನಾಟಕಕ್ಕೂ ಈ ಹೆಸರು ಸಲ್ಲುತ್ತದೆಯೆ? ಸಲ್ಲದು ಎಂಬುದು ನನ್ನ ನಿಲುವು.

ಮೊದಲು ಈ ಹೆಸರಿನ ಹಿನ್ನೆಲೆ ನೋಡೋಣ. ಕಲ್ಕತ್ತೆಯಲ್ಲಿ ಹುಟ್ಟಿದ ಜಾನ್ ಮೇಯರ್ ಹಾಗೂ ಜಮೈಕಾದ ಜೋ ಹ್ಯಾರಿಯಟ್ 1967ರಲ್ಲಿ ‘ಇಂಡೋ-ಜಾಝ್ ಫ್ಯೂಷನ್ಸ್’ ಧ್ವನಿಮುದ್ರಿಕೆ ತಂದರು. ಮೈಲ್ಸ್ ಡೇವಿಸ್ 1970ರ ‘ಬಿಚಸ್ ಬ್ರೂ’ದಲ್ಲಿ ಜಾಝ್‌ಗೆ ರಾಕ್ ಲಯವನ್ನೂ ವಿದ್ಯುತ್ ವಾದ್ಯಗಳನ್ನೂ ಕೂಡಿಸಿದರು. ಮೊದಲು ಜಾಝ್-ರಾಕ್ ಎನಿಸಿದ್ದ ಈ ಬಗೆಗೆ ಎಪ್ಪತ್ತರ ದಶಕದಲ್ಲಿ ಫ್ಯೂಷನ್ ಎಂಬ ಹೆಸರು ನಿಂತಿತು. ಇಂಡೋ-ಜಾಝ್, ಜಾಝ್-ರಾಕ್ ಎರಡರಲ್ಲೂ ಕಲಾವಿದರ ಮನೋಧರ್ಮವೇ ಜೀವಾಳ. ನಮ್ಮಲ್ಲಿ ಟಿ.ಎ.ಎಸ್. ಮಣಿ 1964ರಲ್ಲಿ ಕಟ್ಟಿದ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್, ಚಾರ್ಲಿ ಮರಿಯಾನೊ ಅವರ ಸ್ಯಾಕ್ಸೊಫೋನ್ ಜತೆಗೂಡಿ 1983ರಲ್ಲಿ ‘ಜ್ಯೋತಿ’ ಧ್ವನಿಮುದ್ರಿಕೆಯನ್ನು ಹೊರತಂದಿತು. ಆರ್.ಎ. ರಮಾಮಣಿಯವರ ಕಂಠವೂ ಸ್ಯಾಕ್ಸೊಫೋನೂ ಅಲ್ಲಿ ತಂತಮ್ಮ ಗುರುತು ಬಿಡದೆ ಸಂವಾದಕ್ಕಿಳಿಯುತ್ತವೆ.

ಸಣ್ಣಾಟದ ಬಗೆಯೇ ಬೇರೆ. ಬೈಲವಾಡದ ಪತ್ತಾರ ಮಾಸ್ತರರದೆಂದು ಹೇಳಲಾಗುವ ‘ಸಂಗ್ಯಾ ಬಾಳ್ಯಾ’ ಬೈಲಹೊಂಗಲದಲ್ಲೇ ನಡೆದ ಕೊಲೆಯ ಕತೆ. ಪಾತ್ರಧಾರಿ ಒಂದು ನುಡಿ ಹಾಡುತ್ತಾನೆ. ಹಿಮ್ಮೇಳದವರು ಅದರ ಕೊನೆಯನ್ನು ಎತ್ತಿಕೊಂಡು ಏರುದನಿಯಲ್ಲಿ ಮತ್ತೆ ಹಾಡುತ್ತಾರೆ. ಹಾರ್ಮೋನಿಯಂ ಯುರೋಪಿನಿಂದ ಬಂದದ್ದು ನಿಜ. ಆದರೆ ಇಲ್ಲಿ ಅದು ತನ್ನ ಸಂಗೀತವನ್ನು ಹೊತ್ತು ತರಲಿಲ್ಲ, ಹಾಡುವವನ ಶ್ರುತಿಗೆ ಆಸರೆಯಾಗಿ ನಿಂತಿತು. ಇನ್ನೂ ಮುಖ್ಯವಾದ ಮಾತೆಂದರೆ, ಹಾಡು ಕಟ್ಟಿಟ್ಟದ್ದು, ಆಶುವಾಗಿ ಬೆಳೆಯುವುದು ನಡುವಿನ ಮಾತುಗಾರಿಕೆ. ಜಾಝ್ ಸ್ವರದಲ್ಲಿ ತೋರುವ ಸ್ವಾತಂತ್ರ್ಯವನ್ನು ಸಣ್ಣಾಟ ಸಂಭಾಷಣೆಯಲ್ಲಿ ತೋರುತ್ತದೆ.

ಸವದತ್ತಿ ಎಲ್ಲಮ್ಮನ ಜೋಗತಿಯರ ಚೌಡಿಕೆಯಲ್ಲಂತೂ ಬೆರಕೆಯ ಮಾತೇ ಇಲ್ಲ. ಬುಡಕ್ಕೆ ಚರ್ಮ, ಅದರಿಂದ ಹೊರಟ ಒಂದೇ ತಂತಿ. ಮೀಟಿದರೆ ನಾದವೂ ಲಯವೂ ಒಟ್ಟಿಗೇ ಹೊಮ್ಮುತ್ತವೆ.

ಕಂಪನಿ ನಾಟಕದ ರಂಗಗೀತೆ ಸ್ವಲ್ಪ ತೊಡಕಿನದು. ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪನವರ ಪೀಳಿಗೆಯ ನಟರು ಹಿಂದೂಸ್ತಾನಿ ರಾಗಗಳನ್ನೂ ಮರಾಠಿ ನಾಟ್ಯಸಂಗೀತದ ಧಾಟಿಗಳನ್ನೂ ಬಲ್ಲವರಾಗಿದ್ದರು. ‘ಒನ್ಸ್ ಮೋರ್’ ಕೂಗು ಬಿದ್ದಾಗ ಪದವನ್ನು ಬೆಳೆಸಿ ಹಾಡಲೂಬಹುದಿತ್ತು. ಆದರೂ ಆ ವಿಸ್ತಾರ ರಾಗದ ಚೌಕಟ್ಟಿನೊಳಗಿನದೇ. ಎರಡು ಪದ್ಧತಿಗಳು ಅಲ್ಲಿ ಎದುರುಬದುರು ನಿಲ್ಲುವುದಿಲ್ಲ.

ಆದ್ದರಿಂದ ಈ ಸೀಮೆಯ ಹಾಡುಗಳನ್ನು ಸಂಗ್ರಹಿಸುವವರಲ್ಲಿ ಒಂದು ವಿನಂತಿ: ‘ಫ್ಯೂಷನ್’ ಎಂದಷ್ಟೇ ಬರೆದು ಕೈಬಿಡಬೇಡಿ. ವಾದ್ಯ ಎಲ್ಲಿಯದು, ಧಾಟಿ ಎಲ್ಲಿಯದು, ಹಾಡುಗಾರ ಸ್ವಂತವಾಗಿ ಬೆಳೆಸಿದ್ದು ಯಾವ ಭಾಗ ಎಂಬುದನ್ನು ಬಿಡಿಬಿಡಿಯಾಗಿ ದಾಖಲಿಸಿ.