ಬೇಟೆಗಾರನ ಬೆನ್ನುಚೀಲ

ವಾಹನಮಾರ್ಗಗಳಿಂದ ದೂರವಾದ ಅರಣ್ಯಪರ್ವತಗಳಲ್ಲಿ ದಿನಗಟ್ಟಲೆ ತಂಗಿ ಬೇಟೆಯಾಡುವವರು ತಮ್ಮ ಗುಡಾರ, ಹಾಸಿಗೆ, ಆಹಾರಗಳನ್ನು ಒಳಕ್ಕೆ ಹೊತ್ತೊಯ್ಯುವುದಕ್ಕೂ, ಬೇಟೆ ಫಲಿಸಿದಲ್ಲಿ ಅದರ ಮಾಂಸವನ್ನು ಹೊರಕ್ಕೆ ಹೊತ್ತುತರುವುದಕ್ಕೂ ಬಳಸುವ, ಚೌಕಟ್ಟುಳ್ಳ ದೊಡ್ಡ ಚೀಲ. ಉತ್ತರ ಅಮೆರಿಕದ ರಾಕಿ ಪರ್ವತಶ್ರೇಣಿ, ಅಲಾಸ್ಕ ಮತ್ತು ಕೆನಡದ ಪಶ್ಚಿಮ ಪ್ರಾಂತಗಳಲ್ಲಿ ಇದರ ಬಳಕೆ ವಿಶೇಷ. ಚಾರಣಿಗನ ಚೀಲವು ಮೊದಲ ದಿನ ತುಂಬಿ ತುಳುಕುತ್ತಿದ್ದು, ಬುತ್ತಿ ಕರಗಿದಂತೆಲ್ಲ ಹಗುರವಾಗುತ್ತ ಹೋಗುತ್ತದೆ; ಬೇಟೆಗಾರನದಾದರೋ ಹೋಗುವಾಗ ಸಾಧಾರಣ ಭಾರದ್ದಾಗಿದ್ದು, ದೇಹ ದಣಿದು ಬುತ್ತಿ ಮುಗಿಯುತ್ತ ಬಂದ ಕಡೆಯ ದಿನದಲ್ಲಿ ಒಮ್ಮೆಗೇ ಇಮ್ಮಡಿಯಾಗಿ ಬಿಡುತ್ತದೆ. ಆದಕಾರಣ ಇಂಥ ಚೀಲದ ಬಾಳಿಕೆಯನ್ನು ಮರಳುವಾಗಿನ ಹೊರೆಯಿಂದಲೇ ಅಳೆಯತಕ್ಕದ್ದು ಎಂಬುದು ಆಯ್ಕೆಯ ಮೂಲಸೂತ್ರ. ಚೌಕಟ್ಟು, ಬಟ್ಟೆ, ಹೊಲಿಗೆ, ಬಕಲ್ಲುಗಳ ಕುರಿತ ಉಳಿದ ವಿಚಾರಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಚರಿತ್ರೆ : ಬೇಟೆಗೂ ಬೆನ್ನುಹೊರೆಗೂ ಇರುವ ನಂಟು ಅತಿ ಪ್ರಾಚೀನವಾದುದು. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ದೊರೆತ, ಸುಮಾರು 5,300 ವರ್ಷಗಳಷ್ಟು ಹಿಂದಿನ ಮನುಷ್ಯನ ಕಳೇಬರದ ಬಳಿ ಬಿಲ್ಲುಬಾಣಗಳ ಸಂಗಡ, ಕಮಾನಿನಂತೆ ಬಾಗಿಸಿದ ಹೇಜಲ್ ಕೋಲೊಂದೂ ಲಾರ್ಚ್ ಮರದ ಹಲಗೆಗಳೂ ಇದ್ದವು. ಅವನ್ನು ಹಿಮದಲ್ಲಿ ನಡೆಯುವ ಪಾದುಕೆಯ ಭಾಗಗಳೆನ್ನುವವರು ಇದ್ದರೂ, ಬೆನ್ನುಹೊರೆಯ ಚೌಕಟ್ಟೆಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಹೊರೆಯನ್ನು ಹಣೆಪಟ್ಟಿಯಿಂದ ಬೆನ್ನಮೇಲೆ ತೂಗಿಸಿಕೊಳ್ಳುತ್ತಿದ್ದರು. ತುಪ್ಪುಳುಚರ್ಮದ ವ್ಯಾಪಾರದ ಕಾಲದಲ್ಲಿ ದೋಣಿಯಾಳುಗಳು ಈ ಕೌಶಲವನ್ನು ಅವರಿಂದ ಕಲಿತು, ತಲಾ 41 ಕೆ.ಜಿ. ತೂಗುವ ಎರಡು ಮೂಟೆಗಳನ್ನು ಒಟ್ಟಿಗೆ ಹೊರುವುದು ವಾಡಿಕೆಯಾಗಿತ್ತು.

ನಾರ್ವೆಯ ಓಲೆ ಬೆರ್ಗಾನ್ 1908ರಲ್ಲಿ ಬೇಟೆಗೆ ಹೋಗಿದ್ದಾಗ, ಅಂದಿನ ಜೋಳಿಗೆಯಂಥ ಚೀಲ ಬೆನ್ನಿಗೆ ಕೊಡುತ್ತಿದ್ದ ಬಾಧೆಯನ್ನು ತಾಳಲಾರದೆ, ಜುನಿಪರ್ ಕೊಂಬೆಯೊಂದನ್ನು ಬೆನ್ನಿನ ಆಕಾರಕ್ಕೆ ಬಗ್ಗಿಸಿ ಚೀಲಕ್ಕೆ ಕಟ್ಟಿದನು. ಮರುವರ್ಷ ಪೇಟೆಂಟ್ ಪಡೆದ ಈ ಉಪಾಯದಲ್ಲಿ ಮುಂದೆ ಮರದ ಸ್ಥಾನಕ್ಕೆ ಉಕ್ಕಿನ ಕೊಳವೆ ಬಂದಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಲಾಯ್ಡ್ ನೆಲ್ಸನ್, ಅಲಾಸ್ಕದ ಮೂಲನಿವಾಸಿಗಳು ಸೀಲ್ ತೊಗಲನ್ನು ಕೋಲುಗಳಿಗೆ ಬಿಗಿದು ಮಾಡುತ್ತಿದ್ದ ಹೊರೆಚೌಕಟ್ಟನ್ನು ಕಂಡು, ಅದೇ ಮಾದರಿಯಲ್ಲಿ ಮರಕ್ಕೆ ಕ್ಯಾನ್‌ವಾಸ್ ಬಿಗಿದ ಸಾಧನವನ್ನು ರೂಪಿಸಿ 1924ರಲ್ಲಿ ಪೇಟೆಂಟ್ ಪಡೆದನು. 'ಟ್ರ್ಯಾಪರ್ ನೆಲ್ಸನ್' ಎಂದು ಹೆಸರಾದ ಇದರ ಚೀಲವನ್ನು ಚೌಕಟ್ಟಿನಿಂದ ಬಿಡಿಸಿ ತೆಗೆಯಬಹುದಾಗಿತ್ತಾಗಿ, ಬರಿಯ ಚೌಕಟ್ಟಿಗೆ ಮಾಂಸವನ್ನು ಕಟ್ಟಿ ತರುವುದು ಸಾಧ್ಯವಾಯಿತು. 1952ರಲ್ಲಿ ಕ್ಯಾಲಿಫೋರ್ನಿಯದ ಡಿಕ್ ಕೆಲ್ಟಿ ಮಾರತೊಡಗಿದ ಅಲ್ಯುಮಿನಿಯಂ ಚೌಕಟ್ಟಿನ ಚೀಲವು ಸೊಂಟಪಟ್ಟಿಯ ಬಳಕೆಯನ್ನು ಹರಡಿ, ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸಿತು. 1967ರಲ್ಲಿ ಗ್ರೆಗ್ ಲೋವ್ ಚೌಕಟ್ಟನ್ನು ಚೀಲದೊಳಗೇ ಅಡಗಿಸಿದ ಮೇಲೆ ಪರ್ವತಾರೋಹಿಗಳೂ ಚಾರಣಿಗರೂ ಕ್ರಮೇಣ ಆ ಕಡೆಗೆ ವಾಲಿದರಾದರೂ, ಬೇಟೆಗಾರರು ಮಾತ್ರ ಹೊರಚೌಕಟ್ಟನ್ನು ಸುಲಭದಲ್ಲಿ ಬಿಟ್ಟುಕೊಡಲಿಲ್ಲ. ಇಂದು ಮಾಂಟಾನದ ಮಿಸ್ಟರಿ ರ‍್ಯಾಂಚ್, ಸ್ಟೋನ್ ಗ್ಲೇಸಿಯರ್, ಐಡಹೊ ರಾಜ್ಯದ ಎಕ್ಸೊ ಮೌಂಟನ್ ಗಿಯರ್ ಮೊದಲಾದ ತಯಾರಕರು ಈ ಎರಡು ಸಂಪ್ರದಾಯಗಳನ್ನೂ ಕೂಡಿಸಿ ಬೇಟೆಯ ಚೀಲಗಳನ್ನು ನಿರ್ಮಿಸುತ್ತಾರೆ.

ಹೊರೆಯ ಲೆಕ್ಕ : ಅಮೆರಿಕದಲ್ಲಿ 1964ರ ವನ್ಯಪ್ರದೇಶ ಕಾಯಿದೆಗೆ ಒಳಪಟ್ಟ ಕಾಡುಗಳಲ್ಲಿ ಸಾಮಾನ್ಯವಾಗಿ ಮೋಟಾರು ವಾಹನವಿರಲಿ, ಸೈಕಲ್ಲಿಗೂ ಪ್ರವೇಶವಿಲ್ಲ. ಐಡಹೊ ರಾಜ್ಯದಲ್ಲಿ 9,500 ಚದರ ಕಿ.ಮೀ.ಗಳಿಗೂ ಮಿಕ್ಕಿ ಹರಡಿರುವ ಫ್ರ್ಯಾಂಕ್ ಚರ್ಚ್ ವನ್ಯಪ್ರದೇಶದಂಥ ಎಡೆಯಲ್ಲಿ ಹೇರುಗುದುರೆ, ಹೇಸರಗತ್ತೆಗಳಿಲ್ಲದವನಿಗೆ ತನ್ನ ಬೆನ್ನೇ ಗತಿ. ನಮ್ಮ ಕಡವೆಯ ಕುಟುಂಬಕ್ಕೇ ಸೇರಿದ, ಅದಕ್ಕಿಂತ ದೊಡ್ಡದಾದ ಎಲ್ಕ್ ಎಂಬ ಜಿಂಕೆಯ ಬಲಿತ ಗಂಡು ಸುಮಾರು 320 ಕೆ.ಜಿ. ತೂಗುವುದು, ಅದರ ಚರ್ಮ, ಕರುಳು, ಎಲುಬುಗಳನ್ನು ಕಳೆದರೆ ಉಳಿಯುವ ಮಾಂಸ 100 ಕೆ.ಜಿ.ಗೆ ಆಚೀಚೆ. ಒಬ್ಬನೇ ಬೇಟೆಗಾರನು ಒಂದು ಸಲಕ್ಕೆ 25ರಿಂದ 30 ಕೆ.ಜಿ. ಹೊತ್ತನೆಂದರೂ ನಾಲ್ಕು ಬಾರಿ ತುಂಬಿದ ಚೀಲದೊಡನೆ ಇಳಿದು, ನಡುವೆ ಮೂರು ಬಾರಿ ಬರಿಯ ಚೀಲದೊಡನೆ ಏರಬೇಕು; ರಸ್ತೆ 5 ಕಿ.ಮೀ. ದೂರದಲ್ಲಿದ್ದರೆ ಒಟ್ಟು ನಡಿಗೆ 35 ಕಿ.ಮೀ. ಆಯಿತು. ಗುಡಾರವನ್ನೂ ಕೊಂಬುಗಳನ್ನೂ ಈ ಲೆಕ್ಕ ಒಳಗೊಂಡಿಲ್ಲ. ಆದುದರಿಂದ ಚೀಲವನ್ನು ಕೊಳ್ಳುವವನು 15 ಕೆ.ಜಿ.ಯಲ್ಲಿ ಅದು ಎಷ್ಟು ಹಿತವೆಂದು ಕೇಳುವ ಮೊದಲು, 40 ಕೆ.ಜಿ.ಯಲ್ಲಿ ಅದರ ಆಕಾರ ನಿಲ್ಲುವುದೇ ಎಂದು ಕೇಳುವುದು ಉಚಿತ.

ಚೌಕಟ್ಟು : ಇದು ಚೀಲದ ಬೆನ್ನೆಲುಬು. ಅಲ್ಯುಮಿನಿಯಂ ಮಿಶ್ರಲೋಹದ ಕೊಳವೆ ಇಲ್ಲವೆ ಪಟ್ಟಿಗಳಿಂದಲೂ, ಕಾರ್ಬನ್ ನಾರಿನಿಂದಲೂ ಇದನ್ನು ಮಾಡುತ್ತಾರೆ. ಅಲ್ಯುಮಿನಿಯಂ ಪಟ್ಟಿಯನ್ನು ಹೊರುವವನ ಬೆನ್ನಿನ ಬಾಗಿಗೆ ತಕ್ಕಂತೆ ಕೈಯಿಂದಲೇ ಬಗ್ಗಿಸಿಕೊಳ್ಳಬಹುದು, ಪೆಟ್ಟುಬಿದ್ದು ಸೊಟ್ಟಗಾದರೆ ಮತ್ತೆ ನೆಟ್ಟಗೆ ಮಾಡಲೂಬಹುದು; ಕಾರ್ಬನ್ ಹಗುರವೂ ದೃಢವೂ ಹೌದಾದರೂ ಮುರಿದರೆ ಕಾಡಿನಲ್ಲಿ ಅದಕ್ಕೆ ಮದ್ದಿಲ್ಲ. ಚೌಕಟ್ಟು ಲಂಬದಿಕ್ಕಿನಲ್ಲಿ ಬಾಗದಷ್ಟು ಗಡುಸಾಗಿರಬೇಕು, ಇಲ್ಲವಾದರೆ ಭಾರ ಸೊಂಟಕ್ಕೆ ತಲಪದೆ ಹೆಗಲಿನಲ್ಲೇ ನಿಲ್ಲುವುದು. ಅಡ್ಡದಿಕ್ಕಿನಲ್ಲಿ ನಡಿಗೆಯೊಡನೆ ತುಸು ಬಳುಕುವಂತಿರಬೇಕು, ಇಲ್ಲವಾದರೆ ಕಲ್ಲುಬಂಡೆಗಳ ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ಹೊರೆ ಮನುಷ್ಯನನ್ನು ಪಕ್ಕಕ್ಕೆ ನೂಕುವುದು. ಚೌಕಟ್ಟಿನ ಮೇಲ್ತುದಿ ಹೆಗಲಿಗಿಂತ ಮೇಲಕ್ಕೆ ಚಾಚಿಕೊಂಡಿರುವುದೂ ಅವಶ್ಯ. ಅಲ್ಲಿಂದ ಹೆಗಲುಪಟ್ಟಿಗೆ ಓರೆಯಾಗಿ ಇಳಿಯುವ ಕಿರುಪಟ್ಟಿಗಳನ್ನು ಎಳೆದಾಗಲೇ ಹೊರೆಯು ಹಿಂದಕ್ಕೆ ಜೋಲದೆ ಬೆನ್ನಿಗೆ ಒತ್ತಿ ನಿಲ್ಲುತ್ತದೆ. ಗಿಡ್ಡ ಚೌಕಟ್ಟಿನ ಚೀಲದಲ್ಲಿ ಈ ಕಿರುಪಟ್ಟಿಗಳಿದ್ದರೂ ಅವು ಅಲಂಕಾರವೇ ಸರಿ.

ಬೇಟೆಯ ಚೀಲದ ವಿಶಿಷ್ಟ ಲಕ್ಷಣವೆಂದರೆ, ಚೀಲವನ್ನು ಚೌಕಟ್ಟಿನಿಂದ ಹಿಂದಕ್ಕೆ ಸಡಿಲಿಸಿ ನಡುವಣ ತೆರಪಿನಲ್ಲಿ ಮಾಂಸವನ್ನು ಇರಿಸಬಹುದಾದ ಏರ್ಪಾಡು. ಕ್ರಮ ಹೀಗಿದೆ: ಎಲುಬು ಬಿಡಿಸಿದ ಮಾಂಸವನ್ನು ಗಾಳಿಯಾಡುವ ಬಟ್ಟೆಯ ಚೀಲಗಳಲ್ಲಿ ತುಂಬಿ, ನೆಳಲಿನಲ್ಲಿ ತೂಗುಹಾಕಿ ಅದರ ಬಿಸಿಯನ್ನು ಆರಿಸುತ್ತಾರೆ, ಆಮೇಲೆ ಬೆನ್ನುಚೀಲವನ್ನು ನೆಲದಮೇಲೆ ಮಲಗಿಸಿ, ಪಕ್ಕದ ಪಟ್ಟಿಗಳನ್ನೆಲ್ಲ ಬಿಚ್ಚಿ, ಮಾಂಸದ ಗಂಟನ್ನು ಹೆಗಲೆಲುಬುಗಳ ಮಟ್ಟಕ್ಕೆ, ಚೌಕಟ್ಟಿಗೆ ತಾಗಿದಂತೆ ಇಟ್ಟು, ಕೆಳಗಿನ ಪಟ್ಟಿಯನ್ನು ಮೊದಲು, ಮೇಲಿನದನ್ನು ಕಡೆಗೆ ಬಿಗಿಯುತ್ತಾರೆ. ಮೆತ್ತನೆಯ ಮಾಂಸವು ನಡಿಗೆಯ ಅಲುಗಾಟಕ್ಕೆ ಕೆಳಕ್ಕೆ ಕುಸಿಯುವ ಸ್ವಭಾವದ್ದಾಗಿರುವುದರಿಂದ, ಅರ್ಧ ಕಿ.ಮೀ. ನಡೆದ ಮೇಲೆ ಹೊರೆಯನ್ನಿಳಿಸಿ ಮತ್ತೊಮ್ಮೆ ಬಿಗಿಯುವುದು ಅನುಭವಿಗಳ ಪದ್ಧತಿ. ಇಂಥ ಏರ್ಪಾಡಿನಿಂದ ಭಾರವು ಬೆನ್ನಿಗೆ ಸಮೀಪವಾಗುವುದಲ್ಲದೆ, ಹಾಸಿಗೆ ಬಟ್ಟೆಗಳು ರಕ್ತದಿಂದ ದೂರವುಳಿಯುತ್ತವೆ.

ದೇಹಕ್ಕೆ ಹೊಂದಿಕೆ : ಎಷ್ಟು ಗಟ್ಟಿಯಾದ ಚೀಲವಾದರೂ ಮೈಗೊಪ್ಪದಿದ್ದರೆ ನಿಷ್ಪ್ರಯೋಜಕ. ತಲೆ ಬಾಗಿಸಿದಾಗ ಕತ್ತಿನ ಬುಡದಲ್ಲಿ ಎದ್ದು ಕಾಣುವ ಎಲುಬಿನಿಂದ, ಸೊಂಟದ ಎರಡು ಎಲುಬುಗಳ ಮೇಲಂಚನ್ನು ಕೂಡಿಸುವ ಗೆರೆಯವರೆಗಿನ ಉದ್ದವನ್ನು ಬೆನ್ನಿನ ಅಳತೆಯೆಂದು ಪರಿಗಣಿಸುತ್ತಾರೆ. ಇದಕ್ಕೂ ಆಳಿನ ಎತ್ತರಕ್ಕೂ ನಿಯತವಾದ ಸಂಬಂಧವಿಲ್ಲವಾದ್ದರಿಂದ ಪ್ರತಿಯೊಬ್ಬರೂ ಅಳೆಯಿಸಿಕೊಳ್ಳಬೇಕು. ತಲೆಹೊರೆಗೆ ಸಿಂಬಿ ಹೇಗೋ ಬೆನ್ನುಹೊರೆಗೆ ಸೊಂಟಪಟ್ಟಿ ಹಾಗೆ: ಭಾರವನ್ನು ಹರಡಿ ಎಲುಬಿಗೆ ಒಪ್ಪಿಸುವುದೇ ಅದರ ಕೆಲಸ. ಅದು ಹೊಟ್ಟೆಯನ್ನು ಸುತ್ತದೆ ಸೊಂಟದೆಲುಬಿನ ಮೇಲೆ ಕೂರಬೇಕು. ಅದರ ಒಳಮೆತ್ತೆ ಸ್ಪಂಜಿನಂತೆ ಮೃದುವಾಗಿದ್ದರೆ ಅಂಗಡಿಯಲ್ಲಿ ಹಿತವಾಗಿದ್ದು ಭಾರ ಬಿದ್ದೊಡನೆ ಚಪ್ಪಟೆಯಾಗುವುದರಿಂದ, ಬೆರಳಿನಿಂದ ಒತ್ತಿದರೆ ತಡೆದು ನಿಲ್ಲುವ ಗಟ್ಟಿಮೆತ್ತೆಯೇ ಲೇಸು.

ಬಟ್ಟೆ : 1935ರಲ್ಲಿ ಡ್ಯೂಪಾಂಟ್ ಸಂಸ್ಥೆಯ ವಾಲೆಸ್ ಕರೋದರ್ಸ್ ಸಂಶ್ಲೇಷಿಸಿದ ನೈಲಾನ್, ಕ್ಯಾನ್‌ವಾಸನ್ನು ಈ ಉದ್ಯಮದಿಂದ ಬಹುಮಟ್ಟಿಗೆ ಹೊರಗಟ್ಟಿತು. ಬಟ್ಟೆಯ ದಪ್ಪವನ್ನು ಸೂಚಿಸಲು ಬಳಸುವ ಡೆನಿಯರ್ ಎಂಬುದು ನೂಲಿನ ಮಾನ. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್. ಬೇಟೆಯ ಚೀಲಕ್ಕೆ 500 ಡೆನಿಯರಿನ ನೈಲಾನ್ ಸಾಮಾನ್ಯವಾಗಿ ಸಾಕಾಗುತ್ತದೆ. ಬಂಡೆಗೆ ಉಜ್ಜುವ ತಳಭಾಗಕ್ಕೆ 1,000 ಡೆನಿಯರ್ ಇಲ್ಲವೆ ಎರಡು ಪದರ ಇದ್ದರೆ ಉತ್ತಮ. ಸಂಖ್ಯೆ ದೊಡ್ಡದಾದಷ್ಟೂ ಚೀಲ ಗಟ್ಟಿಯೆಂಬ ನಂಬಿಕೆ ಪೂರ್ಣಸತ್ಯವಲ್ಲ. ನೂಲಿನ ಜಾತಿ, ನೇಯ್ಗೆಯ ಒತ್ತು, ಒಳಲೇಪ ಇವೂ ಎಣಿಕೆಗೆ ಬರುತ್ತವೆ. ಹಲವು ಪದರಗಳನ್ನು ಅಂಟಿಸಿ ಮಾಡಿದ ಹೊಸ ಬಗೆಯ ಬಟ್ಟೆಗಳು ಹಗುರವೂ ನೀರು ಹೀರದವೂ ಆಗಿದ್ದರೂ ಪೊದೆ ತಾಗಿದಾಗ ಕಾಗದದಂತೆ ಸರಸರನೆ ಸದ್ದು ಮಾಡುವುದುಂಟು. ಕಿವಿ ನಿಗುರಿಸಿ ನಿಂತ ಪ್ರಾಣಿಯ ಬಳಿಸಾರುವವನಿಗೆ ಇದು ಹರಿದ ಚೀಲಕ್ಕಿಂತ ದೊಡ್ಡ ದೋಷ. ಅಂಗಡಿಯಲ್ಲಿ ಉಗುರಿನಿಂದ ಬಟ್ಟೆಯನ್ನು ಗೀರಿ ಆಲಿಸಿದರೆ ಇದು ಕ್ಷಣದಲ್ಲಿ ತಿಳಿಯುತ್ತದೆ.

ಹೊಲಿಗೆ, ಜಿಪ್ಪು, ಬಕಲ್ಲು : ನಡುಬಟ್ಟೆ ಹರಿದು ಕೆಟ್ಟ ಚೀಲಗಳಿಗಿಂತ ಕೂಡಿದೆಡೆ ಬಿಟ್ಟು ಕೆಟ್ಟವೇ ಹೆಚ್ಚು. ಆದ್ದರಿಂದ ಪರೀಕ್ಷಿಸುವವನು ಚೀಲದ ಒಳಮೈಯನ್ನು ಹೊರಕ್ಕೆ ಮಗುಚಿ ನೋಡಬೇಕು: ಬಟ್ಟೆಯ ಅಂಚುಗಳಿಗೆ ಪಟ್ಟಿ ಕಟ್ಟಿ ಮುಚ್ಚಿರುವರೇ, ಇಲ್ಲವೆ ಎಳೆಗಳು ಬಿಚ್ಚಿಕೊಳ್ಳುವಂತೆ ಹಾಗೆಯೇ ಬಿಟ್ಟಿರುವರೇ? ಹೊಲಿಗೆ ಅಂಚಿಗೆ ತೀರ ಸಮೀಪವಿದೆಯೇ? ಹೆಗಲುಪಟ್ಟಿಯ ಬುಡದಲ್ಲಿ, ಎತ್ತುವ ಹಿಡಿಯ ಎರಡು ಕೊನೆಗಳಲ್ಲಿ, ಸೊಂಟಪಟ್ಟಿ ಚೌಕಟ್ಟನ್ನು ಸೇರುವ ತಾಣದಲ್ಲಿ ಒತ್ತೊತ್ತಾಗಿ ಹಿಂದಕ್ಕೂ ಮುಂದಕ್ಕೂ ಹಾಕಿದ ಬಾರ್‌ಟ್ಯಾಕ್ ಹೊಲಿಗೆ ಇದೆಯೇ? ಈ ಮೂರು ತಾಣಗಳಲ್ಲಿ ಬೆರಳಾಡಿಸಿ ಸಡಿಲವಾದ ದಾರವೊಂದು ಸಿಕ್ಕಿದರೂ ಸಂಶಯಪಡುವುದು ನ್ಯಾಯ.

ಜಿಪ್ಪಿನ ಹಲ್ಲುಗಳ ಅಗಲವನ್ನು ಸಂಖ್ಯೆಯಿಂದ ಸೂಚಿಸುವುದು ರೂಢಿ. ಮುಖ್ಯ ತೆರಪಿಗೆ 8 ಅಥವಾ 10ನೆಯ ಸಂಖ್ಯೆಯದು, ಕಿರುಜೇಬಿಗೆ 5ನೆಯದು ತಕ್ಕುದು. ಜಿಪ್ಪು ಕೆಡುವುದು ಬಹುಧಾ ಅದರ ಜಾರುಗುಂಡಿ ಧೂಳಿನಿಂದ ಸವೆದು ಸಡಿಲವಾದಾಗ. ಭಾರವನ್ನು ಜಿಪ್ಪು ಹೊರಬಾರದು. ಅದರ ಮೇಲೆ ಅಡ್ಡಹಾಯುವ ಪಟ್ಟಿಗಳು ಹೊರಬೇಕು. ಜಿಪ್ಪು ಕೆಟ್ಟರೂ ಆ ಪಟ್ಟಿಗಳಿಂದಲೇ ಚೀಲವನ್ನು ಮುಚ್ಚಿ ಊರು ಸೇರುವಂತಿರಬೇಕು. ಪ್ಲಾಸ್ಟಿಕ್ ಬಕಲ್ಲು ಕೊರೆಯುವ ಚಳಿಯಲ್ಲಿ ಕಾಲಡಿ ಸಿಕ್ಕಿ ಮುರಿಯುವುದು ಸಾಮಾನ್ಯ. ಹೊಲಿಗೆ ಬಿಚ್ಚದೆಯೇ ಪಟ್ಟಿಗೆ ಏರಿಸಬಹುದಾದ, ಸೀಳುಳ್ಳ ಬಕಲ್ಲೊಂದನ್ನು ಸೂಜಿ ದಾರಗಳ ಸಂಗಡ ಇಟ್ಟುಕೊಳ್ಳುವುದು ವಿವೇಕ.

ಗಾತ್ರ : ಅಮೆರಿಕದ ತಯಾರಕರು ಗಾತ್ರವನ್ನು ಘನ ಅಂಗುಲಗಳಲ್ಲಿ ಹೇಳುವರು, ಸುಮಾರು 61 ಘನ ಅಂಗುಲಗಳಿಗೆ ಒಂದು ಲೀಟರ್. ಒಂದು ದಿನದ ಬೇಟೆಗೆ 30ರಿಂದ 40 ಲೀಟರ್, ವಾರದ ಬೇಟೆಗೆ 80ರಿಂದ 110 ಲೀಟರ್ ಹಿಡಿಸುವ ಚೀಲ ಬೇಕಾದೀತು. ಒಂದೇ ಚೌಕಟ್ಟಿಗೆ ಚಿಕ್ಕ ಚೀಲವನ್ನೂ ದೊಡ್ಡ ಚೀಲವನ್ನೂ ಬದಲಿಸಿ ತೊಡಿಸಬಹುದಾದ ರಚನೆಯಲ್ಲಿ, ಹಣವನ್ನು ಚೌಕಟ್ಟಿಗೆ ಒಮ್ಮೆ ತೆತ್ತರೆ ಸಾಕು. ಜೇಬುಗಳು ಹೆಚ್ಚಿದಷ್ಟೂ ಹೊಲಿಗೆಯೂ ಜಿಪ್ಪೂ ಹೆಚ್ಚುತ್ತವೆ. ಅವುಗಳೊಡನೆ ಕೆಡುವ ಎಡೆಗಳೂ ಹೆಚ್ಚುತ್ತವೆ. ಕರಡಿಗಳಿರುವ ನಾಡಿನಲ್ಲಿ ಅವನ್ನು ಹಿಮ್ಮೆಟ್ಟಿಸುವ ಖಾರದ ಸ್ಪ್ರೇ ಡಬ್ಬಿ ಚೀಲದೊಳಗಿರದೆ ಸೊಂಟಪಟ್ಟಿಯಲ್ಲೇ ಕೈಗೆ ಎಟುಕುವಂತಿರಬೇಕು.

ರಕ್ಷಣೆ : ನೈಲಾನಿಗೆ ಬಿಸಿಲಿನ ಅತಿನೇರಿಳೆ ಕಿರಣಗಳು ಶತ್ರು, ಒಳಲೇಪಕ್ಕೆ ತೇವವು ಶತ್ರು. ಒದ್ದೆಯಾಗಿ ಮಡಿಸಿಟ್ಟ ಚೀಲದ ಪಾಲಿಯುರಿತೇನ್ ಲೇಪವು ಕಾಲಕ್ರಮದಲ್ಲಿ ಜಿಗುಟಾಗಿ, ದುರ್ಗಂಧ ಸೂಸಿ, ಸಿಪ್ಪೆಯೇಳುತ್ತದೆ. ರಕ್ತದ ಕಲೆಗೆ ತಣ್ಣೀರೇ ಸರಿ. ಬಿಸಿನೀರು ರಕ್ತವನ್ನು ನೂಲಿನಲ್ಲೇ ಹೆಪ್ಪುಗಟ್ಟಿಸುತ್ತದೆ. ಬೇಟೆಯ ಋತು ಮುಗಿದೊಡನೆ ತೊಳೆದು, ನೆಳಲಿನಲ್ಲಿ ಒಣಗಿಸಿ ತೂಗುಹಾಕಿದ ಚೀಲ ಹಲವು ವರ್ಷ ಬಾಳುತ್ತದೆ.

ಕಾನೂನು : ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಿಂದ ಬೇಟೆಯು ನಿಷಿದ್ಧವಾಗಿರುವುದರಿಂದ ಇಲ್ಲಿ ಇಂಥ ಚೀಲಕ್ಕೆ ಅದರ ಮೂಲಕಾರ್ಯವಿಲ್ಲ. ಬೇಟೆಗೆ ಪರವಾನಗಿಯುಂಟಾದ ಅಮೆರಿಕದಲ್ಲಿ ಕಾನೂನು ಚೀಲದ ಆಯ್ಕೆಯ ಮೇಲೂ ಪ್ರಭಾವ ಬೀರುತ್ತದೆ. ಕೊಲರಾಡೊ ರಾಜ್ಯದಲ್ಲಿ ಬಂದೂಕಿನಿಂದ ಎಲ್ಕ್ ಬೇಟೆಯಾಡುವವನು ಸೊಂಟದಿಂದ ಮೇಲೆ 500 ಚದರ ಅಂಗುಲದಷ್ಟು ಹೊಳೆವ ಕಿತ್ತಳೆ ಇಲ್ಲವೆ ಗುಲಾಬಿ ಬಣ್ಣವನ್ನು ತೊಡಬೇಕು. ದೊಡ್ಡ ಚೀಲವು ಬೆನ್ನಿನ ಬಣ್ಣವನ್ನು ಮರೆಸುವುದರಿಂದ ಚೀಲಕ್ಕೂ ಅದೇ ಬಣ್ಣದ ಬಟ್ಟೆ ಹೊದಿಸುವುದು ಕ್ಷೇಮ. ಅಲಾಸ್ಕದ ಕಾನೂನು ಇನ್ನೂ ಕಠಿನ. ಅಲ್ಲಿನ ಮೂಸ್ ಎಂಬ ಮಹಾಜಿಂಕೆಯ ದೊಡ್ಡ ಗಂಡು 725 ಕೆ.ಜಿ.ಯವರೆಗೂ ತೂಗಿ, ಸುಮಾರು 225 ಕೆ.ಜಿ. ಮಾಂಸ ಕೊಡುವುದು, ತಿನ್ನಲರ್ಹವಾದ ಮಾಂಸವನ್ನು ಕಾಡಿನಲ್ಲಿ ಕೊಳೆಯಬಿಡುವುದು ಅಲ್ಲಿ ಅಪರಾಧ. ಕೆಲವು ವಿಭಾಗಗಳಲ್ಲಿ ಮಾಂಸವನ್ನು ಎಲುಬಿನಿಂದ ಬಿಡಿಸದೆಯೇ ಹೊರತರಬೇಕೆಂಬ ನಿಯಮವೂ ಇರುವುದರಿಂದ ಒಂದೇ ಹಿಂಗಾಲಿನ ಹೊರೆ 50 ಕೆ.ಜಿ.ಯನ್ನು ಮೀರುವುದುಂಟು. ಮಾಂಸವೆಲ್ಲ ಹೊರಬರುವ ಮುನ್ನ ಕೊಂಬುಗಳನ್ನು ಸಾಗಿಸಕೂಡದೆಂದೂ ಅಲ್ಲಿ ವಿಧಿಸಿದ್ದಾರೆ. ಆದಕಾರಣ ಬೇಟೆಗಾರನು ಮನೆಯ ಗೋಡೆಗೆ ಬಯಸಿದ ಕೊಂಬುಗಳನ್ನು ಚೌಕಟ್ಟಿಗೆ ಕಟ್ಟುವ ಸರದಿ ಬರುವಷ್ಟರಲ್ಲಿ, ಚೀಲವು ಅದೇ ಜೌಗುನೆಲದ ಜಾಡನ್ನು ತುಂಬಿದ ಹೊರೆಯೊಡನೆ ಏಳೆಂಟು ಸಲ ದಾಟಿರುತ್ತದೆ.