ಕೆಎ: ನಂಬರ್ ಪ್ಲೇಟಿನಿಂದ ಪಿರಮಿಡ್ಡಿನವರೆಗೆ

ಕರ್ನಾಟಕದಲ್ಲಿ ನೋಂದಣಿಯಾದ ವಾಹನಗಳ ಫಲಕದಲ್ಲಿ ಸಾಮಾನ್ಯವಾಗಿ ಮೊದಲು ಕಾಣುವುದು ‘ಕೆಎ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳು. ಅವೇ ಅಕ್ಷರಗಳು ಈಜಿಪ್ಟಿನ ಪ್ರಾಚೀನ ವಸ್ತುಗಳ ವಿವರಣೆಯಲ್ಲಿ ಕಂಡರೆ ‘ಕಾ’ ಎಂದು ಓದಬೇಕು. ಅಲ್ಲಿ ಅದು ಸಂಕ್ಷೇಪವಲ್ಲ, ಸಾವಿರಾರು ವರ್ಷ ಬಳಕೆಯಲ್ಲಿದ್ದ ಪೂರ್ಣ ಪದ. ಈಜಿಪ್ಟ್ ಕುರಿತ ಇಂಗ್ಲಿಷ್ ಗ್ರಂಥಗಳಲ್ಲಿ ಇಂತಹ ಕಿರುಪದಗಳೂ ವಿದ್ವಾಂಸರು ರೂಪಿಸಿದ ಸಂಕ್ಷೇಪಗಳೂ ಒಂದೇ ಪುಟದಲ್ಲಿ ಬೆರೆತಿರುತ್ತವೆ. ಯಾವುದು ಪದ, ಯಾವುದು ಸಂಕ್ಷೇಪ ಎಂಬುದನ್ನು ಅರಿಯದಿದ್ದರೆ ಓದು ದಾರಿ ತಪ್ಪುತ್ತದೆ.

ಇಂಗ್ಲಿಷಿನಲ್ಲೇ ಈ ಎರಡಕ್ಷರಕ್ಕೆ ಹಲವು ಅರ್ಥಗಳಿವೆ. ವಿದ್ಯುತ್ ಕ್ಷೇತ್ರದಲ್ಲಿ ಅದು ಕಿಲೋ ಆಂಪಿಯರ್, ಅಂದರೆ 1000 ಆಂಪಿಯರ್. ಉಪಗ್ರಹ ಸಂವಹನದಲ್ಲಿ ‘ಕೆಎ ಬ್ಯಾಂಡ್’ ಎಂದರೆ ಸುಮಾರು 27ರಿಂದ 40 ಗಿಗಾಹರ್ಟ್ಸ್ ಆವರ್ತನದ ಪಟ್ಟಿ. 2018ರಲ್ಲಿ ಉಡಾವಣೆಯಾದ ಜಿಸ್ಯಾಟ್-11 ಮತ್ತು ಜಿಸ್ಯಾಟ್-29 ಇದನ್ನು ಬಳಸುವ ಉಪಗ್ರಹಗಳು. ಗಣಕಯಂತ್ರಗಳು ಬಳಸುವ ಅಂತರರಾಷ್ಟ್ರೀಯ ಭಾಷಾ ಸಂಕೇತಗಳಲ್ಲಿ ಮಾತ್ರ ‘ಕೆಎ’ ಕನ್ನಡವಲ್ಲ, ಜಾರ್ಜಿಯನ್ ಭಾಷೆ. ಕನ್ನಡದ ಸಂಕೇತ ‘ಕೆಎನ್’.

ಹಸಿಯುವ ‘ಕಾ’

ಈಜಿಪ್ಟಿನ ‘ಕಾ’ವನ್ನು ಹಲವರು ‘ಆತ್ಮ’ ಎಂದು ಅನುವಾದಿಸುತ್ತಾರೆ. ಇದು ಸುಲಭವಾದರೂ ಸಮರ್ಪಕವಲ್ಲ. ಮನುಷ್ಯನೊಡನೆಯೇ ಹುಟ್ಟಿ, ಅವನನ್ನು ಜೀವಂತವಾಗಿರಿಸುವ ಶಕ್ತಿ ಅದು. ಖ್ನೂಮ್ ದೇವತೆ ಕುಂಬಾರನ ತಿಗರಿಯ ಮೇಲೆ ರಾಣಿ ಹತ್ಶೆಪ್ಸುತಳನ್ನೂ ಆಕೆಯ ‘ಕಾ’ವನ್ನೂ ಜೊತೆಯಾಗಿ ರೂಪಿಸುವ ದೃಶ್ಯ ದೇರ್ ಅಲ್-ಬಹರಿಯ ದೇಗುಲದ ಗೋಡೆಯಲ್ಲಿದೆ. ಮೇಲೆತ್ತಿದ ಎರಡು ತೋಳುಗಳೇ ಇದರ ಚಿತ್ರಾಕ್ಷರ. 1894ರಲ್ಲಿ ದಹ್ಶೂರಿನಲ್ಲಿ ದೊರೆತ ಹೋರ್ ದೊರೆಯ ಮರದ ಪ್ರತಿಮೆಯ ತಲೆಯ ಮೇಲೆ ಈ ತೋಳುಗಳನ್ನೇ ಕಾಣಬಹುದು.

ಸತ್ತ ಮೇಲೂ ‘ಕಾ’ಗೆ ಹಸಿವಿದೆ ಎಂಬುದು ಅಲ್ಲಿನವರ ನಂಬಿಕೆಯಾಗಿತ್ತು. ಸಮಾಧಿಯ ಮುಂದೆ ರೊಟ್ಟಿ, ಬಿಯರ್, ಮಾಂಸಗಳ ಎಡೆ ಇಡಲು ‘ಕಾ-ಸೇವಕ’ರೆಂಬ ಅರ್ಚಕರಿದ್ದರು, ಅವರ ಜೀವನೋಪಾಯಕ್ಕೆ ಭೂಮಿಯನ್ನು ಬಿಟ್ಟುಕೊಡಲಾಗುತ್ತಿತ್ತು. ಆದರೆ ತಲೆಮಾರುಗಳು ಕಳೆದಂತೆ ಎಡೆ ನಿಲ್ಲುವುದು ಖಚಿತ. ಆಗ ಉಳಿಯುವ ಆಸರೆ ಅಕ್ಷರವೊಂದೇ. ದಾರಿಹೋಕರು ನಿಂತು, ಕಲ್ಲಿನ ಮೇಲಿನ ‘ಇಂತಹವರ ಕಾಗೆ ಸಾವಿರ ರೊಟ್ಟಿ, ಸಾವಿರ ಬಿಯರ್’ ಎಂಬ ಅರ್ಥದ ವಾಕ್ಯವನ್ನು ಓದಿ ಹೇಳಿದರೆ ಸಾಕು, ಅಷ್ಟೂ ಆಹಾರ ಸಂದಾಯವಾಗುತ್ತದೆ ಎಂದು ಭಾವಿಸಲಾಗಿತ್ತು. ಹೆಸರನ್ನು ಕೆತ್ತಿ ಅಳಿಸಿದರೆ ಸತ್ತವರು ಉಪವಾಸ! ‘ಆತ್ಮ’ ಎಂಬ ಅನುವಾದದಲ್ಲಿ ಈ ಹಸಿವೇ ಕಾಣೆಯಾಗುತ್ತದೆ.

ಇದರ ಜೊತೆಗಾರ ‘ಬಾ’. ಮನುಷ್ಯನ ತಲೆಯುಳ್ಳ ಹಕ್ಕಿಯ ರೂಪದಲ್ಲಿ ಚಿತ್ರಿತವಾಗುವ ಇದು ಸಮಾಧಿಯಿಂದ ಹೊರಟು ಹಾರಾಡಿ ಮತ್ತೆ ದೇಹಕ್ಕೆ ಮರಳುತ್ತದೆ. ಅದೇ ಎರಡಕ್ಷರ ರಸಾಯನಶಾಸ್ತ್ರದಲ್ಲಿ ಬೇರಿಯಂ, ವಿಶ್ವವಿದ್ಯಾಲಯದಲ್ಲಿ ಪದವಿ. ‘ರಾ’ ಸೂರ್ಯದೇವ, ರೇಡಿಯಂ ಧಾತುವಿನ ಸಂಕೇತವೂ ಅದೇ ಅಕ್ಷರಗಳು. ಆದರೆ 1898ರಲ್ಲಿ ಪತ್ತೆಯಾದ ಆ ಧಾತುವಿನ ಹೆಸರು ಕಿರಣವೆಂಬ ಅರ್ಥದ ಲ್ಯಾಟಿನ್ ಪದದಿಂದ ಬಂದದ್ದು, ಸೂರ್ಯದೇವನಿಂದಲ್ಲ. ಕನ್ನಡದಲ್ಲಿ ‘ಕಾ’ ಎಂದರೆ ರಕ್ಷಿಸು, ‘ಬಾ’ ಎಂದರೆ ಕರೆ. ಈ ಹೋಲಿಕೆಯೂ ಆಕಸ್ಮಿಕ. ಅಷ್ಟಕ್ಕೂ ಈಜಿಪ್ಟಿನ ಲಿಪಿಕಾರರು ಸ್ವರಗಳನ್ನು ಬರೆಯುತ್ತಿರಲಿಲ್ಲ. ಇಂದಿನ ಉಚ್ಚಾರಣೆ ವಿದ್ವಾಂಸರು ಅನುಕೂಲಕ್ಕೆ ಒಪ್ಪಿಕೊಂಡದ್ದು.

ಅವರಿಗೂ ಇತ್ತು ಸಂಕ್ಷೇಪ

ಬರೆಯುವ ಶ್ರಮ ಉಳಿಸುವ ಉಪಾಯ ಆ ಲಿಪಿಕಾರರಿಗೂ ತಿಳಿದಿತ್ತು. ದೊರೆಯ ಹೆಸರಿನ ನಂತರ ‘ಅಂಖ್, ವೆಜಾ, ಸೆನೆಬ್’, ಅಂದರೆ ಬಾಳಲಿ, ಏಳಿಗೆ ಹೊಂದಲಿ, ಆರೋಗ್ಯವಾಗಿರಲಿ ಎಂದು ಹರಸುವುದು ವಾಡಿಕೆ. ಪದೇ ಪದೇ ಪೂರ್ತಿ ಬರೆಯುವ ಬದಲು ಮೂರೇ ಚಿಹ್ನೆಗಳಲ್ಲಿ ಇದನ್ನು ಮುಗಿಸುತ್ತಿದ್ದರು. ಇಂಗ್ಲಿಷ್ ಅನುವಾದಕರು ಈ ಸಂಕ್ಷೇಪವನ್ನು ಸಂಕ್ಷೇಪವಾಗಿಯೇ ಉಳಿಸಿ ‘ಎಲ್‌ಪಿಎಚ್’ ಎಂದು ಬರೆಯುತ್ತಾರೆ. ನೀರು ಶುದ್ಧೀಕರಣ ಯಂತ್ರದ ಮೇಲೆ ಇದೇ ಮೂರಕ್ಷರ ಗಂಟೆಗೆ ಎಷ್ಟು ಲೀಟರ್ ಎಂಬುದನ್ನು ಸೂಚಿಸುತ್ತದೆ.

ವಿದ್ವಾಂಸರ ಸಂಕ್ಷೇಪಗಳಲ್ಲಿ ಹೆಚ್ಚು ಪರಿಚಿತವಾದುದು ‘ಕೆವಿ’. ಭಾರತೀಯರಿಗೆ ಕೇಂದ್ರೀಯ ವಿದ್ಯಾಲಯವನ್ನು ನೆನಪಿಸುವ ಇದು ಲಕ್ಸರ್ ಬಳಿಯ ರಾಜರ ಕಣಿವೆಯ ಗುರುತು. 1922ರಲ್ಲಿ ಹೊವಾರ್ಡ್ ಕಾರ್ಟರ್ ಪತ್ತೆ ಮಾಡಿದ ತುತಾಂಖಾಮನ್ ಸಮಾಧಿಯೇ ಕೆವಿ 62. ‘ಪಿಟಿ’ ಎಂದರೆ ಪಿರಮಿಡ್ಡುಗಳ ಒಳಗೋಡೆಯ ಮಂತ್ರಗಳು. ‘ಸಿಟಿ’ ಎಂಬಲ್ಲಿ ಮಾತ್ರ ಎಚ್ಚರ ಅಗತ್ಯ. ಸಂಖ್ಯೆಯೊಡನೆ ಬಂದರೆ ಅದು ಸಾಮಾನ್ಯವಾಗಿ ಶವಪೆಟ್ಟಿಗೆಗಳ ಮೇಲೆ ಬರೆದ ಮಂತ್ರಗಳ ಸಂಗ್ರಹ. ಮಮ್ಮಿಯ ಪರೀಕ್ಷೆಯ ವರದಿಯಲ್ಲಿ ಬಂದರೆ ಆಸ್ಪತ್ರೆಗಳಲ್ಲಿ ಮಾಡುವ ಅದೇ ಸಿಟಿ ಸ್ಕ್ಯಾನ್. ತುತಾಂಖಾಮನನ ದೇಹವನ್ನು 2005ರಲ್ಲಿ ಹಾಗೆಯೇ ಸ್ಕ್ಯಾನ್ ಮಾಡಲಾಗಿತ್ತು.